ಮಾತಿಲ್ಲದ ಜಾಹೀರಾತು

ಬ್ಯಾಡಗಿ, ಸೋಮವಾರ

ಪ್ರೀತಿಯ ಅಣ್ಣನಿಗೆ ಪುಷ್ಪಲತಾಳ ನಮಸ್ಕಾರ.

ರಾಣೆಬೆನ್ನೂರಿನ ನಿಮ್ಮ ಅಂಗಡಿಗೆ ಬಂದಿರುವ ಟ್ಯಾಬ್‌ನ ಟಿವಿ ಜಾಹೀರಾತು ಜನರಿಗೆ ಹಿಡಿಸಿದೆಯೇ ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಬರೀ ಹ್ಞೂಂ ಎಂದೆ. ಇಲ್ಲಿ ಮನೆಯವರಿಗೆಲ್ಲ ಕೇಳುವಂತೆ ಸ್ಪೀಕರ್ ಹಾಕಿಯೇ ಮಾತಾಡಬೇಕು. ಅದಕ್ಕೇ ಈ ಪತ್ರ. ಮೆಣಸಿನಕಾಯಿ ತೊಟ್ಟು ಬಿಡಿಸಲು ಬರುವ ಬಿಬಿಜಾನ್ ತಂದುಕೊಡುತ್ತಾಳೆ.

ಆ ಜಾಹೀರಾತಿನಲ್ಲಿ ಇರುವುದಿಷ್ಟೇ: ಬಿಳಿ ಗೋಡೆ, ಖಾಲಿ ಮೇಜು, ಟ್ಯಾಬ್ ಮೇಲೆ ಒಬ್ಬ ಹೆಂಗಸಿನ ಕೈ. ಮಾತಿಲ್ಲ, ಹಾಡಿಲ್ಲ. ಮಾವ ಪ್ರತಿ ಸಲ ಟಿವಿ ಕೆಟ್ಟಿತೆಂದು ಸೌಂಡ್ ಏರಿಸುತ್ತಾರೆ; ಮುಂದಿನ ಜಾಹೀರಾತು ಕಿರುಚಿಕೊಂಡೇ ಬರುತ್ತದೆ. "ಏನ್ ಮಾರಾಕತ್ತಾರೋ, ಬಾಯಿಬಿಟ್ಟು ಹೇಳಿದ್ರ ಏನ್ ಹೋಗತೈತಿ?" ಎನ್ನುತ್ತಾರೆ ಅತ್ತೆ.

ನನಗೆ ಮಾತ್ರ ಹಿಡಿಸಿದೆ. ಅದು ಬಂದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಅವಳ ಕೈಗೆ ಖಾರದ ಉರಿಯಿಲ್ಲ. ಅವಳನ್ನು ಒಳಗಿನಿಂದ ಯಾರೂ ಕೂಗುವುದಿಲ್ಲ. ಹಾಗೆಂದು ಟ್ಯಾಬ್ ತರಬೇಡ. ಅದೂ ನಾನೇ ಒರೆಸಿಡಬೇಕಾದ ಇನ್ನೊಂದು ಸಾಮಾನಾಗುತ್ತದೆ.

ಪಂಚಮಿಗೆ ತವರಿಗೆ ಕರೆದೊಯ್ಯಲು ನೀನೇ ಬಾ. ಹೋದ ವರ್ಷದಂತೆ ಹಬ್ಬದ ಉಂಡಿಯ ಡಬ್ಬಿ ಕೊಟ್ಟು ಹೊರಡಬೇಡ. "ಮನ್ಯಾಗ ಕೆಲಸ ಭಾಳ ಐತಿ, ಮುಂದ ಕಳಸ್ತೀವಿ" ಎಂದು ಈ ಮನೆಯವರು ಹೇಳುತ್ತಾರೆ. ಎಲ್ಲರ ಮುಂದೆ ನಾನೂ "ಆರಾಮ ಅದೇನಿ ಅಣ್ಣಾ, ನೀ ಹೋಗು" ಎನ್ನುತ್ತೇನೆ.

ಆ ಮಾತು ಕೇಳಿ ಒಬ್ಬನೇ ಬಸ್ ಹತ್ತಬೇಡ.

ನಿನ್ನ ತಂಗಿ,
ಪುಷ್ಪಲತಾ