ಹಸಿದ ಇದ್ದಿಲು

ಮಾರ್ಚ್ 4, ಮಂಗಳವಾರ

...ಅಥವಾ ‘ಆ ತೊಟ್ಟಿಗೆ ಬೇರೇನೂ ಬೇಕಾಗಿಲ್ಲ’ ಅಂದಳೋ. ಬೂಟಿನ ಲೇಸು ಕಟ್ಟಿಕೊಳ್ಳುತ್ತ ಹೇಳಿದ್ದು, ಮುಖ ಕಾಣುತ್ತಿರಲಿಲ್ಲ. ‘ನೀರು ಹಾಕು, ಅಷ್ಟೇ’ ಅಂದದ್ದಂತೂ ಖಚಿತ. ಅಷ್ಟರಲ್ಲಿ ಟ್ಯಾಕ್ಸಿ ಬಂತು. ತೊಮ್ಮಾಳನ್ನೂ ಅವಳ ಊರುಗೋಲನ್ನೂ ಹತ್ತಿಸಿದೆ.

ಬೆಳಿಗ್ಗೆ ಏಳಕ್ಕೆ, ಮನೆಯೊಳಗೆ ಗಿಡ ಬೆಳೆಸುವ ಟೆಂಟಿನ ಜಿಪ್ ತೆಗೆದೆ. ಒಂದೇ ತೊಟ್ಟಿಯಲ್ಲಿ ಮೂರು ಗಾಂಜಾ ಗಿಡ. ಇಲ್ಲಿಯ ಕಾನೂನು ಒಬ್ಬರಿಗೆ ಬಿಟ್ಟಿರುವುದು ಅಷ್ಟು. ಮೂರೂ ಅವಳವು. ಒಂದೂವರೆ ಲೀಟರ್ ನೀರು, ಅಂಚಿನಿಂದ, ನಿಧಾನ. ದೀಪ ಸರಿ. ಫ್ಯಾನ್ ಸರಿ. ಏಳೂ ಹತ್ತಕ್ಕೆ ಎಲ್ಲ ಮುಗಿಯಿತು. ಇನ್ನು ಇಡೀ ದಿನ.

ತೊಟ್ಟಿಯ ಮಣ್ಣಿಗೆ ಆರು ವರ್ಷ. ಮೊದಲು ಟೊಮೆಟೊ, ಕಾನೂನು ಬದಲಾದ ಮೇಲೆ ಇದು. ಒಮ್ಮೆಯೂ ಅಗೆದಿಲ್ಲ, ಬದಲಿಸಿಲ್ಲ. ಮೇಲೆ ಒಣಹುಲ್ಲು, ಅದರಡಿ ಎರೆಹುಳು, ಬಿಳಿ ಬೂಷ್ಟಿನ ಎಳೆಗಳು, ಕಣ್ಣಿಗೆ ಕಾಣದ್ದು ಇನ್ನೆಷ್ಟೋ. ಕೊಯ್ದ ಗಿಡದ ಬೇರನ್ನೂ ಕೀಳುವುದಿಲ್ಲ. ಅಲ್ಲೇ ಕರಗಲಿ ಅನ್ನುತ್ತಾಳೆ.

ಅವಳ ಎಡಗಾಲು ಸೆಟೆದುಕೊಂಡರೆ ಸಡಿಲಿಸುವುದು ಈ ಹೂವಿನಿಂದ ಅವಳೇ ಮಾಡುವ ಎಣ್ಣೆ ಮಾತ್ರ. ಔಷಧಿ ಅಂಗಡಿಯ ಹೂವಿಗೆ ಎದೆ ಬಡಿತ ಏರಿತ್ತು. ಮನೆಯ ದೊಡ್ಡ ಬಾಟಲಿಯಲ್ಲಿರುವುದು ಮೇ ಕೊನೆಯವರೆಗೆ. ಕೊಯ್ಲೂ ಮೇ ಕೊನೆಗೆ. ಅವಳು ಹಾರ್ಟ್ಸ್ ಬೆಟ್ಟದ ಚಿಕಿತ್ಸಾಲಯದಲ್ಲಿ ಐದು ವಾರ. ನಡೆಯುವುದನ್ನು ಮತ್ತೆ ಕಲಿಸುತ್ತಾರಂತೆ.

ಮಾರ್ಚ್ 6, ಗುರುವಾರ, ಸಂಜೆ

ವಾರಕ್ಕೆ ಮೂರು ದಿನ ಒಡ್ಡು ಕಚೇರಿ. ಸಮುದ್ರದ ಒಡ್ಡುಗಳ ನಕ್ಷೆ ತಿದ್ದುವ ಕೆಲಸ. ಇವತ್ತು ರಜೆ. ಮನೆಯೊಳಗೆ ಹನ್ನೊಂದು ಸಲ ಮೆಟ್ಟಿಲು ಹತ್ತಿಳಿದೆ. ಟೆಂಟಿನ ಜಿಪ್ ಆರು ಸಲ.

ಕಾಲುವೆಯಾಚೆ ಹಾಬ್ಬೊ ಇದ್ದಿಲು ಸುಡುತ್ತಿದ್ದ. ಅವನದು ಜವುಗು ನೆಲದ ಕರಿಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ದು ಉರುವಲಿಗೆ ಮಾರಿದ ಮನೆತನ. ಅವನೂ ಮೂವತ್ತು ವರ್ಷ ಅದೇ ಯಂತ್ರ ಓಡಿಸಿದವನು. ಈಗ ನಿವೃತ್ತಿ. ಆಲಿಕೆಯಾಕಾರದ ಗುಂಡಿಯಲ್ಲಿ ಹೇಜಲ್ ಮರದ ಕಡ್ಡಿ ಉರಿಸಿ, ಅಂಚು ಬೂದಿಗಟ್ಟುವ ಹೊತ್ತಿಗೆ ಮೇಲೆ ಇನ್ನೊಂದು ಪದರ ಹಾಕುತ್ತಾನೆ. ಹೊಗೆ ಇಲ್ಲವೇ ಇಲ್ಲ. ಕೊನೆಗೆ ನೀರು ಬಿಟ್ಟ. ಗಾಜು ಒಡೆದ ಹಾಗೆ ಸದ್ದು.

“ಏನಯ್ಯಾ ಮೆನ್ನೊ, ಹೆಂಡ್ತಿ ಇಲ್ಲ ಅಂತ ಬೆಂಕಿ ಕಾಯಿಸ್ಕೊಳ್ಳೋಕೆ ಬಂದ್ಯಾ?”

“ಮಣ್ಣಿಗೆ ಒಳ್ಳೇದು ಅಂತೀಯಲ್ಲ, ಅವಳ ತೊಟ್ಟಿಗೆ ಒಂದು ಬಕೆಟ್ ಸಿಗುತ್ತಾ?”

“ಅವಳು ಕೇಳಿದ್ಲಾ?”

“ಬಂದಾಗ ಖುಷಿ ಆಗ್ಲಿ ಅಂತ.”

“ಕೇಳದೆ ಮಾಡಿದ್ದಕ್ಕೆ ಖುಷಿ ಪಡೋಳಲ್ಲ ಅವಳು.” ಆದರೂ ತುಂಬಿಸಿದ. “ನೋಡು, ಇದು ಹಸಿದಿದೆ. ಒಳಗೆಲ್ಲ ತೂತು. ಎರೆಗೊಬ್ಬರದ ನೀರಲ್ಲಿ ಮೂರು ವಾರ ನೆನೆಸು. ಹಂಗೇ ಮಣ್ಣಿಗೆ ಹಾಕಿದ್ಯೋ, ಗಿಡದ ಬಾಯಿಗೆ ಹೋಗೋದನ್ನೆಲ್ಲ ಇದೇ ನುಂಗುತ್ತೆ. ಹೊಟ್ಟೆ ತುಂಬಿದ್ ಮೇಲೇನೇ ಇದು ಇನ್ನೊಬ್ಬರಿಗೆ ಬಡಿಸೋದು.”

“ಮೂರು ವಾರ.”

“ಮೂರು. ನಿನ್ನ ಮುಖ ನೋಡಿದ್ರೆ ಮೂರು ದಿನ ತಡೆಯೋ ಹಂಗಿಲ್ಲ.”

ಮಾರ್ಚ್ 9, ಭಾನುವಾರ

ಭಾನುವಾರ ಹನ್ನೊಂದಕ್ಕೆ ಅವಳ ಫೋನ್. ಅದಕ್ಕೂ ಮೊದಲು ಗಿಡಗಳ ಫೋಟೊ ಕಳಿಸಬೇಕು ಎಂಬುದು ಕರಾರು. ಎರಡು ತೆಗೆದೆ, ಒಂದನ್ನು ಕಳಿಸಿದೆ.

“ಚೆನ್ನಾಗಿವೆ. ಏನ್ ಮಾಡ್ದೆ?”

“ನೀರು ಹಾಕ್ದೆ.”

“ಅಷ್ಟೇ ತಾನೆ?”

“ಅಷ್ಟೇ.”

ನಿಜವೇ ಆಗಿತ್ತು. ಇದ್ದಿಲು ಇನ್ನೂ ಬಕೆಟ್ಟಿನಲ್ಲಿ, ತೊಳೆಯುವ ಕೋಣೆಯಲ್ಲಿ. ದಿನಕ್ಕೆ ನಾಲ್ಕು ಸಲ ನೋಡುತ್ತೇನೆ.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 6:40

ಹದಿನೈದನೇ ತಾರೀಖಿನಿಂದ ದೀಪ ದಿನಕ್ಕೆ ಹನ್ನೆರಡೇ ಗಂಟೆಗೆ ಇಳಿಯಬೇಕು. ಹೂ ಬಿಡುವ ಕಾಲ ಶುರು. ಆಮೇಲೆ ಬೇರು ಮುಟ್ಟುವ ಹಾಗಿಲ್ಲ. ಹಾಗಾದರೆ ಈಗಲೇ. ಲೆಕ್ಕ ಸರಿಯಾಗಿಯೇ ಕಂಡಿತು.

ಹುಲ್ಲು ಸರಿಸಿದೆ. ಬಿಳಿ ಎಳೆಗಳು ಕಿತ್ತು ಬಂದವು. ಒದ್ದೆ ಕಾಗದ ಹರಿದಂತೆ, ಸದ್ದಿಲ್ಲದೆ. ಇದ್ದಿಲು ಸುರಿದು, ಮೊಣಕೈವರೆಗೆ ಕೈ ಇಳಿಸಿ ಕಲೆಸಿದೆ. ಮಣ್ಣು ಬೆಚ್ಚಗಿತ್ತು.

ಮಾಡಿದ್ದಾಯಿತು. ಬಹಳ ದಿನದ ಮೇಲೆ ಹಸಿವಾಯಿತು. ನಾಲ್ಕು ಬ್ರೆಡ್ ತಿಂದೆ.

ಮಾರ್ಚ್ 19, ಬುಧವಾರ

ಕೆಳಗಿನ ಎಲೆಗಳು ಹಳದಿ. ದೀಪದ ಬಣ್ಣ ಇರಬಹುದು. ಒಂದನ್ನು ಕಿತ್ತು ಕಿಟಕಿಗೆ ಒಯ್ದೆ. ದೀಪದ ಬಣ್ಣವಲ್ಲ.

ಮಾರ್ಚ್ 21

ನಡುವಿನವೂ.

ಮಾರ್ಚ್ 23, ಭಾನುವಾರ

ಹತ್ತೂವರೆಯವರೆಗೆ ಫೋನ್ ಹಿಡಿದು ಟೆಂಟಿನ ಮುಂದೆ ನಿಂತೆ. ಯಾವ ಕೋನದಿಂದಲೂ ಆಗಲಿಲ್ಲ. ಒಂಬತ್ತನೇ ತಾರೀಖಿನದು ಇನ್ನೊಂದಿತ್ತಲ್ಲ... ಅದನ್ನೇ ಕಳಿಸಿದೆ.

“ಇಷ್ಟು ಹಸಿರಾ?” ಅಂದಳು.

“ಮೇಲಿನ ಎಲೆ ಇನ್ನೂ ತಿಳಿ. ಕೆಳಗಿನದು ಗಾಢ. ಕಾಲುವೆ ನೀರಿನ ಥರ.” ಯಾರೂ ಕೇಳದೆ ಇಷ್ಟು ಹೇಳಿದೆ.

ಚಿಕಿತ್ಸೆ ಇನ್ನೂ ಕೆಲವು ದಿನ ಮುಂದುವರಿಯುತ್ತದಂತೆ. ಏಪ್ರಿಲ್ ಹನ್ನೆರಡಕ್ಕೆ ಬರುತ್ತಾಳೆ. ಸಮಾಧಾನವಾಯಿತು. ಆದದ್ದಕ್ಕೆ ನಾಚಿಕೆ. ಹೊರಗೆ ಹೋಗಿ ಸೈಕಲ್ ಸರಪಳಿಗೆ ಎಣ್ಣೆ ಬಿಟ್ಟೆ. ಅದಕ್ಕೆ ಬೇಕಿರಲಿಲ್ಲ.

ಮಾರ್ಚ್ 26, ಬುಧವಾರ

ಹಾಬ್ಬೊ ಕರೆಯದೆ ಬಂದ. ಕೈಯಲ್ಲಿ ಡಬ್ಬ, ವಾಸನೆ ಬಾಗಿಲಿಗಿಂತ ಮುಂಚೆ ಒಳಗೆ. ಹೋದ ವರ್ಷದ ತುರುಚೆ ಸೊಪ್ಪಿನ ಕೊಳೆತ ನೀರು, ಗಿಡಕ್ಕೆ ಹಾಕುವ ಗೊಬ್ಬರ.

“ಚೆಲ್ಲೋಕೆ ಹೊರಟಿದ್ದೆ. ನಿಂಗೇನಾದ್ರೂ ಬೇಕಾ ಅಂತ.”

ಚಹಾ ಮಾಡಿದೆ. ಕಲ್ಲುಸಕ್ಕರೆ ಚಟಚಟ ಅಂದಿತು, ಅಂಚಿನಿಂದ ಕೆನೆ ಬಿಟ್ಟೆ. ನಮ್ಮ ಕಡೆ ಚಹಾ ಕಲೆಸುವುದಿಲ್ಲ. ಎರಡನೇ ಕಪ್ಪಿಗೆ ಬಾಯಿ ಬಿಟ್ಟೆ. ಬಕೆಟ್, ನೆನೆಸದ್ದು, ಮೊಣಕೈ, ಎಲ್ಲ ಹೇಳಿದೆ. ಫೋಟೊ ಮಾತ್ರ ಹೇಳಲಿಲ್ಲ.

“ಕಲೆಸಿದ್ಯಾ? ಕೈ ಹಾಕಿ?”

“ಹೂಂ.”

“ಐವತ್ತಾರು ವರ್ಷದಿಂದ ಚಹಾಕ್ಕೆ ಚಮಚ ಹಾಕ್ದೋನಲ್ಲ ನೀನು. ಕೆನೆ ಅದರ ಪಾಡಿಗದು ಇಳೀಲಿ ಅಂತ ಕಾಯ್ತೀಯ. ಹೆಂಡ್ತಿ ಮಣ್ಣು ಸಿಕ್ತು ಅಂತ ತಿರುವಿ ಹಾಕಿದ್ಯಲ್ಲೋ!” ನಗುತ್ತ ಕೆಮ್ಮಿದ. “ನಮ್ಮಜ್ಜಿ ಇದ್ದಿದ್ರೆ ಊರು ಬಿಡಿಸ್ತಿದ್ರು.”

“ತೆಗೆಯೋಕಾಗುತ್ತಾ?”

“ಇದ್ದಿಲಾ? ನೀನು, ನಾನು, ಈ ಒಡ್ಡು ಎಲ್ಲ ಹೋದ್ ಮೇಲೂ ಅಲ್ಲೇ ಇರುತ್ತೆ. ತೆಗೆಯೋದು ಬಿಡು, ಅದರ ಹೊಟ್ಟೆ ತುಂಬಿಸು. ಒಂದು ಪಾಲು ಇದು, ಇಪ್ಪತ್ತು ಪಾಲು ನೀರು. ಮೂರು ದಿನಕ್ಕೊಂದ್ಸಲ. ಮೇಲೆ ಎರೆಗೊಬ್ಬರ ಹಾಸು. ಹಾಸು ಅಂದೆ. ಕಲೆಸೋದಲ್ಲ.”

ಮೂರು ಕಪ್ ಕುಡಿದು, ಇನ್ನು ಸಾಕು ಎಂಬ ಗುರುತಿಗೆ ಚಮಚವನ್ನು ಕಪ್ಪಿನೊಳಗಿಟ್ಟ. ಎದ್ದ.

ಮಾರ್ಚ್ 30, ಭಾನುವಾರ

ಫೋನಿನ ಕ್ಯಾಮೆರಾ ಕೆಟ್ಟಿದೆ ಅಂದೆ. ‘ಹೌದಾ’ ಅಂದಳು.

ಅವಳ ಕಾಲು ಸರಿಯಿಲ್ಲ. ಒಯ್ದ ಸಣ್ಣ ಬಾಟಲಿ ಮುಗಿಯಿತಂತೆ. ಅಲ್ಲಿಯ ಮಾತ್ರೆಗೆ ತಲೆಯೊಳಗೆ ಹತ್ತಿ ತುಂಬಿದ ಹಾಗಿದೆ. “ಮೇ ಬರ್ಲಿ. ನನ್ನ ಗಿಡ ಇದ್ದಾವಲ್ಲ.”

ಆಮೇಲೆ ಕೇಳಿದಳು: “ಮಣ್ಣಿಂದ ಯಾವ ವಾಸನೆ ಬರ್ತಿದೆ ಮೆನ್ನೊ?”

ಇಡೀ ಮನೆ ಕೊಳೆತ ತುರುಚೆಯ ನಾತ. “ಮಳೆ ಬಿದ್ದ ಕಾಡಿನ ಥರ” ಅಂದೆ.

ಏಪ್ರಿಲ್ 3

ತಿಳಿ ಹಸಿರು, ತುದಿಯಲ್ಲಿ. ಬಲಗಡೆಯದಕ್ಕೆ ಮತ್ತು ಹಿಂದಿನದಕ್ಕೆ. ಎಡಗಡೆಯದಕ್ಕೆ ಇಲ್ಲ.

ಏಪ್ರಿಲ್ 6, ಭಾನುವಾರ

ಮತ್ತೆ ವಾಸನೆ ಕೇಳಿದಳು. ಮತ್ತೆ ಕಾಡು ಅಂದೆ.

ಏಪ್ರಿಲ್ 8, ಮಂಗಳವಾರ

ಎಡಗಡೆಯ ಗಿಡವನ್ನು ಬುಡಕ್ಕೆ ಕತ್ತರಿಸಿದೆ. ಬೇರು ಬಿಟ್ಟೆ, ಅವಳು ಬಿಡುವ ಹಾಗೆ. ಉಳಿದೆರಡರಲ್ಲಿ ಹೂವಿನ ಮೊದಲ ಬಿಳಿ ಕೂದಲು. ತಡವಾಗಿ, ಸಣ್ಣದಾಗಿ. ಅಂದಾಜಿನಲ್ಲಿ ಅರ್ಧ ವರ್ಷದ ಎಣ್ಣೆ. ಒಂದು ವರ್ಷದ್ದು ಬೇಕಿತ್ತು.

ಮಧ್ಯಾಹ್ನ ಅಡುಗೆಮನೆ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ, ತೊಟ್ಟಿಯಿಂದ ಒಂದು ಹಿಡಿ ಮೇಲ್ಮಣ್ಣು ತಂದು, ಚಿಮಟದಿಂದ ಇದ್ದಿಲಿನ ಚೂರು ಆರಿಸುತ್ತ ಕೂತೆ. ನಲವತ್ತೊಂದು ಚೂರು. ಹಿಡಿಯಲ್ಲಿ ಇನ್ನೂ ಅಷ್ಟೇ ಕಪ್ಪು. ನಲವತ್ತೆರಡನೆಯದಕ್ಕೆ ಒಂದು ಬಿಳಿ ಹುಳ ಅಂಟಿಕೊಂಡಿತ್ತು, ಕಣ್ಣಿಗೆ ಕಂಡೂ ಕಾಣದಷ್ಟು. ತೂತಿನೊಳಗೆ ಹೋಗಿ ಹೊರಗೆ ಬಂತು, ಮತ್ತೆ ಹೋಯಿತು. ಅಲ್ಲೇ ಮನೆ ಹೂಡಿದೆ. ಚಿಮಟ ಕೆಳಗಿಟ್ಟೆ. ಎಲ್ಲವನ್ನೂ ವಾಪಸ್ ಸುರಿದೆ, ಆರಿಸಿದ ನಲವತ್ತೊಂದನ್ನೂ ಸೇರಿಸಿ.

ಮೂರು ವಾರ ಕಾಯಲು ನನಗೇನಾಗಿತ್ತು? ಅವಳ ಕಾಲಿನ ವಿಷಯದಲ್ಲಿ ಒಂಬತ್ತು ವರ್ಷದಿಂದ ನಾನು ಮಾಡಿರುವುದು ಅದೊಂದೇ. ಬಾಗಿಲು ಹಿಡಿದು ನಿಲ್ಲುವುದು, ಟ್ಯಾಕ್ಸಿ ಕರೆಯುವುದು, ಕಾಯುವುದು. ಕೈ ಹಾಕಬಹುದಾದ ಒಂದು ಜಾಗ ಸಿಕ್ಕಿತು. ಹಾಕಿದೆ.

ಈ ಸಾಲುಗಳನ್ನು ಹೊಡೆದು ಹಾಕಬೇಕು. ನೆಪದಂತೆ ಓದಿಸಿಕೊಳ್ಳುತ್ತದೆ.

ಏಪ್ರಿಲ್ 11, ಶುಕ್ರವಾರ, ಮಧ್ಯಾಹ್ನ 4

ನಾಳೆ ಮೂರೂ ಹತ್ತರ ರೈಲು. ಲೇಯರ್ ನಿಲ್ದಾಣದಲ್ಲೇ ಹೇಳಿಬಿಡುತ್ತೇನೆ, ಟ್ಯಾಕ್ಸಿ ಹತ್ತುವ ಮೊದಲು. ವಾಕ್ಯ ಸಿದ್ಧ ಮಾಡಿಕೊಂಡೆ. ಮೂರು ಥರ ಬರೆದು ನೋಡಿದೆ. ಒಂದರಲ್ಲೂ ಮೊದಲ ಪದ ‘ನಾನು’ ಆಗಿರಲಿಲ್ಲ.

ಹಾಬ್ಬೊ ಸೇತುವೆಯ ಮೇಲೆ ಸಿಕ್ಕ.

“ನಾಳೆ ಕೇಕ್ ತರ್ತೀನಿ. ಇವತ್ತ್ಯಾಕಯ್ಯಾ ಹಿಂಗೆ ಒಣಗಿದ್ದೀಯ?”

“ಅವಳಿಗೆ ಹೇಳ್ಬೇಕು. ಗಿಡದ್ದು. ಫೋಟೊದ್ದೂ.” ಹಳೆ ಫೋಟೊ ಕಳಿಸಿದ್ದನ್ನು ಅವನಿಗೆ ಆಗ ಹೇಳಿದೆ.

ಅವನು ಕಂಬಿ ಹಿಡಿದು ಕಾಲುವೆ ನೋಡಿದ. ಆಮೇಲೆ, “ಬಾಯಿ ಮುಚ್ಕೊಂಡಿರು ಅಂದಿದ್ಲು. ಆದ್ರೆ ನಿನ್ನ ನೋಡೋಕಾಗ್ತಿಲ್ಲ. ತುರುಚೆ ನೀರು ನಾನಾಗೇ ಹೊತ್ಕೊಂಡ್ ಬಂದೆ ಅಂದ್ಕೊಂಡ್ಯಾ?”

ಮಾರ್ಚ್ ಇಪ್ಪತ್ತನಾಲ್ಕಕ್ಕೆ, ಸೋಮವಾರ, ತೊಮ್ಮಾ ಅವನಿಗೆ ಫೋನ್ ಮಾಡಿದ್ದಳು.

“ಎರಡು ವಾರ ಬಿಟ್ಟು ಕಳಿಸಿದ ಫೋಟೊದಲ್ಲೂ ಅದೇ ಎಲೆ ಮೇಲೆ ಅದೇ ನೀರಿನ ಹನಿ ಕೂತಿದೆ ಅಂದ್ಲು. ‘ಅವನು ಏನೋ ಮಾಡಿದ್ದಾನೆ. ನಿನ್ನ ಇದ್ದಿಲೇನಾದ್ರೂ ಕೊಟ್ಟಿದ್ಯಾ?’ ಅಂತ ನೇರ ಕೇಳಿದ್ಲು. ಕೊಟ್ಟಿದ್ದೆ ಅಂದೆ. ‘ನೆನೆಸಿರಲ್ಲ. ತುರುಚೆ ನೀರು ತಗೊಂಡ್ ಹೋಗು. ನಾನು ಹೇಳಿದ್ದು ಅಂತ ಹೇಳ್ಬೇಡ, ಅವನೇ ಹೇಳ್ಲಿ.’”

“ಆಮೇಲೆ?”

“ಮುಂದಿನ ಸೋಮವಾರ ಮತ್ತೆ ಫೋನ್. ಗಿಡದ್ದು ಮೊದ್ಲ ಸಲ ಕೇಳಿದ್ದಷ್ಟೇ. ಆವತ್ತು ಒಂದೇ ಪ್ರಶ್ನೆ, ‘ನಿನ್ನ ಹತ್ರ ಆದ್ರೂ ಹೇಳಿದ್ನಾ?’ ಹೇಳಿದ ಅಂದೆ. ‘ಸದ್ಯ’ ಅಂದ್ಲು.”

ಮನೆಗೆ ಬಂದೆ. ಟೆಂಟಿನ ಜಿಪ್ ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿಲ್ದಾಣಕ್ಕೆಂದು ಮಾಡಿಟ್ಟ ಮೂರು ವಾಕ್ಯವೂ ಈಗ ಕೆಲಸಕ್ಕೆ ಬಾರದವು. ಗೊತ್ತಿರುವವಳಿಗೆ ಹೇಳುವುದು ಬೇರೆ ಥರದ ಕೆಲಸ, ಅದಕ್ಕೆ ವಾಕ್ಯ ಸಿಗುತ್ತಿಲ್ಲ. ಎರಡು ಭಾನುವಾರ ವಾಸನೆ ಕೇಳಿದಳು. ಎರಡು ಸಲವೂ ನಾನು ಉತ್ತರಿಸಿದ ಮೇಲೂ ಫೋನ್ ಇಡದೆ ಕಾದಳು. ಕಾಲು ನೋಯುತ್ತಿರಬೇಕು ಅಂದುಕೊಂಡಿದ್ದೆ.

ತೊಮ್ಮಾ, ನಾನು ಆ ಕಾಡನ್ನು ವರ್ಣಿಸುತ್ತಿದ್ದಾಗ ನೀನು ಒಮ್ಮೆಯಾದರೂ ಯಾಕೆ ತಡೆಯಲಿಲ್ಲ?