ಡರ್ಬನ್ನಿನ ಜುಲೈ ಚಳಿ

೯ ಜನವರಿ ೨೦೨೫, ಗುರುವಾರ. ಹಿಂದೂಪುರ. ಊಟವಾಯಿತು, ಶಾಲು ಹೊದ್ದು ಬರೆಯುತ್ತಿದ್ದೇನೆ.

ಸಿದ್ದಲಿಂಗೇಶ ಅನುವಾದಿಸಿದ ಕಾದಂಬರಿ ಅಚ್ಚಾಗಿ ಬಂತು. ಕತೆ ನಡೆಯುವುದು ಡರ್ಬನ್ನಿನಲ್ಲಿ. ಭೂಮಧ್ಯರೇಖೆಯ ಆಚೆಗಿನ ಆ ಕಡಲೂರಿಗೆ ಚಳಿಗಾಲ ಬರುವುದು ಜುಲೈಯಲ್ಲಿ. ಆಗ ಮಳೆ ಅಪರೂಪ, ಹಗಲೆಲ್ಲ ಎಳೆಬಿಸಿಲು. ಜನವರಿಯಲ್ಲಿ ಬೆವರು, ಗುಡುಗು, ಮಳೆ. ಕರಡು ತಿದ್ದುವಾಗ ಇದನ್ನೆಲ್ಲ ಅಂಚಿನಲ್ಲಿ ಬರೆದುಕೊಟ್ಟಿದ್ದೆ. ಆದರೂ ಪುಸ್ತಕದಲ್ಲಿ ನಾಯಕಿ ಜನವರಿಯಲ್ಲಿ ಸ್ವೆಟರ್ ತೊಟ್ಟು ಕಡಲ ದಂಡೆಯಲ್ಲಿ ನಡುಗುತ್ತಾಳೆ!

ಸಂಜೆ ಅವನ ಹುಣಸೆ ಮಂಡಿಗೇ ಹೋಗಿ ಕೇಳಿದೆ.

“ಜುಲೈನಾಗೆ ಚಳಿ ಅಂದ್ರೆ ನಮ್ಮೋರು ನಗ್ತಾರೆ ಕಣಕ್ಕ. ಅದುಕ್ಕೇ ಜನವರಿ ಮಾಡ್ಬುಟ್ಟೆ. ಪರವಾಲೇದು ಬಿಡಕ್ಕ.”

“ಆಷಾಢದಾಗೆ ಯಾರಾನಾ ಬಂದು, ಇದು ಈಗ ಕಿತ್ತ ಹೊಸ ಹುಣಸೆ ಅಂದ್ರೆ ತಗಂತೀಯಾ?”

“ಒದ್ದು ಓಡಿಸ್ತೀನಿ. ಅದು ವ್ಯಾಪಾರ ಕಣಕ್ಕ, ಇದು ಕತೆ.”

ಕತೆಯಾದರೆ ಒಂದು ಊರಿನ ಹವೆ ಬದಲಾಗುತ್ತದೆಯೇ? ಮೊದಲ ಪುಟದಲ್ಲಿ ‘ಸಾಲುಸಾಲನ್ನೂ ನೋಡಿಕೊಟ್ಟ ಭ್ರಮರಾಂಬ ಅಕ್ಕನಿಗೆ’ ಎಂದು ಬೇರೆ ಹಾಕಿಸಿದ್ದಾನೆ. ಓದಿದವರು ಆ ಜನವರಿಯನ್ನು ನನ್ನ ತಲೆಗೇ ಕಟ್ಟುತ್ತಾರೆ.

ಭಾನುವಾರ ಬಿಡುಗಡೆ. ಇನ್ನೂರು ಪ್ರತಿಯೂ ಮಂಡಿಯಲ್ಲೇ ಇವೆ. ನಾಳೆ ಬೆಳಿಗ್ಗೆ ಅಲ್ಲೇ ಹೋಗಿ ಕೂತು, ಒಂದೊಂದರಲ್ಲೂ ಜನವರಿ ಹೊಡೆದು ಜುಲೈ ಬರೆಯುತ್ತೇನೆ. ಅವನು ಬೇಡವೆಂದರೆ ನನ್ನ ಹೆಸರು ಹೊಡೆಯುತ್ತೇನೆ.