ಹಳ್ಳ ದಾಟುವ ಆಟ

ಶೈಲಕ್ಕ,

ಹೆಸರಿನ ಮುಂದೆ 'ಪ್ರೀತಿಯ' ಎಂದು ಬರೆಯಲು ಕೈ ಏಳಲಿಲ್ಲ. ಬರೀ ಹೆಸರಷ್ಟೇ ಬರೆದಿದ್ದೇನೆ.

ಕೆಲಸ ಹೋಯಿತೆಂದು ಅಳಲು ಈ ಪತ್ರವಲ್ಲ. ಅತಿಥಿ ಶಿಕ್ಷಕನ ಕೆಲಸ ಹೇಗೂ ಮಾರ್ಚಿಗೆ ಮುಗಿಯುತ್ತಿತ್ತು. ಇದು ಮಂಜುಳಾಳ ಸಲುವಾಗಿ. ಆ ಮಗುವಿಗೆ ಏನಾಗಿದೆ ಎಂದು ನೀನು ತಿಳಿಯಬೇಕು.

ಒಂದನೆಯ ತರಗತಿಗೆ ಈಚೆ, ಆಚೆ, ನಡುವೆ, ಮೇಲೆ ಎಂದು ಹಲಗೆಯ ಮೇಲೆ ಬರೆದು ಬರೆದು ನೀನು ಬೇಸತ್ತಿದ್ದೆ. ನನ್ನ ಕಿರುಹೊತ್ತಿಗೆಗಳನ್ನು ನೋಡಿ ನಗುತ್ತಿದ್ದವಳು, ಆ ದಿನ ನೀನೇ ಕೇಳಿದೆ: "ನಿನ್ನ ಪುಸ್ತಕದಾಗ ಸಣ್ಣ ಹುಡುಗರ ಸಲುವಾಗಿ ಏನರ ಬರದಾರೇನಲೇ, ಬರೇ ಕ್ರಾಂತಿನ ಐತೋ?" ಇಬ್ಬರೂ ಕೂತು ಆಟ ಕಟ್ಟಿದೆವು. ಜಮಖಾನೆಯ ಮೇಲೆ ಒಂದು ಮಗು ಅಡ್ಡ ಮಲಗಬೇಕು. ಅದೇ ಬೆಣ್ಣಿಹಳ್ಳ. ಉಳಿದವರು ನಾವು ಕೂಗಿದಂತೆ ಹಳ್ಳದ ಈಚೆ ನಿಲ್ಲಬೇಕು, ತಲೆಯ ಬಾಜು ಕೂರಬೇಕು, ಮೇಲಿಂದ ಹಾರಿ ಆಚೆ ಹೋಗಬೇಕು. ಹಳ್ಳ ನಕ್ಕರೆ ಮಹಾಪೂರ ಬಂತೆಂದು ಎಲ್ಲರೂ ಓಡಬೇಕು. ಆ ಮಹಾಪೂರ ನಿನ್ನ ಕಲ್ಪನೆ.

ಮಲಗಿದ ಮಗುವನ್ನು ದಾಟಿದರೆ ಅದು ಬೆಳೆಯುವುದಿಲ್ಲ, ದಾಟಿದವರೇ ತಿರುಗಿ ದಾಟಿದರೆ ದೋಷ ಕಳೆಯುತ್ತದೆ ಎಂಬ ಮಾತು ನಮ್ಮಿಬ್ಬರಿಗೂ ಗೊತ್ತಿತ್ತು. ನೀನು ಏನೆಂದೆ, ನೆನಪಿದೆಯೇ? "ನಮ್ಮವ್ವ ನನ್ನ ಎಷ್ಟು ಸಲ ದಾಟ್ಯಾಳೋ. ಆದ್ರೂ ಬಾಗಲಕ್ಕ ತಲಿ ಬಡಿಯೂ ಹಂಗ ಬೆಳದೇನಿ, ನೋಡು."

ಮೊದಲ ದಿನ ಹಳ್ಳವಾದದ್ದು ಮಂಜುಳಾ. ಇಡೀ ತರಗತಿ ಆಕೆಯನ್ನು ಹಾರಿತು, ಊರಿನ ದೊಡ್ಡ ಮನೆಯ ಸಾವಿತ್ರೆವ್ವನ ಮೊಮ್ಮಗ ಈರೇಶನಂತೂ ಮತ್ತೆ ಮತ್ತೆ ಹಾರಿದ. ಯಾರ ಮನೆಯಿಂದಲೂ ತಕರಾರು ಬರಲಿಲ್ಲ. ಮರುದಿನ ಈರೇಶ ತಾನೇ ಹಟ ಮಾಡಿ ಮಲಗಿದ. ಎಲ್ಲರಂತೆ ಮಂಜುಳಾಳೂ ಹಾರಿದಳು. ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಸಾವಿತ್ರೆವ್ವ ಅಂಗಳದಲ್ಲಿದ್ದಳು.

"ನನ್ನ ಮೊಮ್ಮಗನ್ನ ನೆಲಕ್ಕ ಕೆಡವಿದಾಂವ ಯಾಂವ? ಆ ಮಂಜುಳಾ ಇಂವನ್ನ ದಾಟ್ಯಾಳಂತ. ಕೂಸು ಗಿಡ್ಡ ಉಳದ್ರ ಹೆಣ್ಣು ಯಾರು ಕೊಡ್ತಾರ? ನಿಮ್ಮಪ್ಪ ಕೊಡ್ತಾನೇನಲೇ ಸುಭಾಸ?"

ನನಗೆ ನಗು ಬಂತು. ಹೆಡ್ ಮಾಸ್ತರರು ಕೈಮುಗಿದು ಒಂದು ದಾರಿ ತೋರಿಸಿದರು: "ಹಿರ್‍ಯಾರು ಹೇಳಿದ ಪರಿಹಾರ ಐತಲ್ರಿ ಅಮ್ಮಾರ. ದಾಟಿದ ಹುಡುಗಿನ್ನ ತಿರುಗಿ ದಾಟಸೂಣು. ಮುಗದ್ ಹೋತು."

ಮಂಜುಳಾಳನ್ನು ಕರೆಸಿದರು. ಪಾಪ, ಆಟವೆಂದುಕೊಂಡು ಲಂಗ ಎತ್ತಿ ಹಿಡಿದು ಓಡಿಬಂದಳು. ಈರೇಶ ಆಗಲೇ ಮಲಗಿ ನಗು ತಡೆದುಕೊಳ್ಳುತ್ತಿದ್ದ. ಆಕೆ ಕಾಲೆತ್ತಬೇಕು, ಅಷ್ಟರಲ್ಲಿ ಮುದುಕಿ ಕೈ ಅಡ್ಡ ಹಿಡಿದಳು.

"ನಿಲ್ಲಬೇ! ನಮ್ಮ ಕುರಿ ಕಾಯೂ ಮಾಳಪ್ಪನ ಮಗಳು ಒಮ್ಮೆ ದಾಟಿದ್ದ ಸಾಕಾಗೇತಿ. ಎರಡನೇ ಸಲಾನೂ ದಾಟಸ್ತೀರೇನು?"

ಮೊಮ್ಮಗ ಗಿಡ್ಡ ಉಳಿಯುತ್ತಾನೆಂದು ಬಂದವಳು ಅದರ ಪರಿಹಾರವನ್ನೇ ಒಲ್ಲೆ ಎಂದಳು. ಆಕೆಯ ಭಯ ಎತ್ತರದ್ದಲ್ಲ, ಯಾರ ಕಾಲು ಎಂಬುದರದು. ಇಷ್ಟು ಬೆತ್ತಲಾಗಿ ನಿಂತ ಸುಳ್ಳನ್ನು ನಾನು ಯಾವ ಹೊತ್ತಿಗೆಯಲ್ಲೂ ಓದಿರಲಿಲ್ಲ. "ಹಂಗಾರ ಮೊನ್ನೆ ಮಂಜುಳಾನ್ನ ಎಲ್ಲಾರೂ ದಾಟಿದ್ರಲ್ರಿ, ಆಕಿ ಬೆಳಿಯೂದು ಬ್ಯಾಡೇನು?" ಎಂದೆ. ನಾನು ನಿನ್ನ ಮುಖ ನೋಡಿದೆ. ಹೆಡ್ ಮಾಸ್ತರರೂ ನಿನ್ನನ್ನೇ ಕೇಳಿದರು, "ಶೈಲಾ ಮೇಡಂ, ಇದು ಯಾರ ಆಟಾರಿ?"

"ನಾ ಬ್ಯಾಡ ಅಂದಿದ್ದೇರಿ. ಇಂವ ಕೇಳಲಿಲ್ಲ."

ಆ ಮಾತಿಗೇ ನನ್ನ ಕೆಲಸ ಹೋಯಿತು. ಅಷ್ಟಕ್ಕಾದರೂ ನಿಲ್ಲಿಸಬಹುದಿತ್ತು. ಯಾರೂ ಕೇಳದಿದ್ದರೂ ನೀನು ಮತ್ತೊಂದು ಮಾತು ಸೇರಿಸಿದೆ: "ಇನ್ಮ್ಯಾಲೆ ಮಂಜುಳಾನ್ನ ಬಾಗಲ ಹಂತ್ಯಾಕ ಬ್ಯಾರೆ ಕೂಡಸ್ತೇನ್ರಿ." ಮಂಜುಳಾ ಅಲ್ಲೇ ಇದ್ದಳು, ಕಾಲು ಹಾಕಲೋ ಬೇಡವೋ ಎಂದು ತಿಳಿಯದೆ. ಸಾವಿತ್ರೆವ್ವನನ್ನು ನಾನು ದ್ವೇಷಿಸಲಾರೆ. ಆಕೆಗೆ ಕಲಿಸಿದ್ದೇ ಅಷ್ಟು. ನೀನು ಕಲಿಸುವವಳು.

ನಿನ್ನೆ ಮಾಳಪ್ಪನ ಮನೆಗೆ ಹೋಗಿದ್ದೆ. "ಆಕಿ ಸಾಲಿಗೆ ಒಲ್ಲೆ ಅಂತಾಳ್ರಿ ಸರ. ನಾ ಆಗೂಮಟ ಜಗ್ಗಿ ಕಳಸ್ತೇನಿ" ಎಂದ. ಹೊಸ್ತಿಲ ಒಳಗೆ ಕೌದಿಯ ಮೇಲೆ ಕೂಸು ಮಲಗಿತ್ತು, ಆಕೆಯ ತಮ್ಮ. ಒಳಗಿನಿಂದ ತಾಯಿ ಬಸಕ್ಕ ನೀರು ತರಲು ಕೂಗಿದಳು. ಮಂಜುಳಾ ಚರಗಿ ಹಿಡಿದು ಬಂದವಳು ಕೂಸನ್ನು ನೋಡಿ ನಿಂತಳು. ಮತ್ತೆ ಅಂಗಳಕ್ಕಿಳಿದು, ಕುರಿಹಟ್ಟಿ ಬಳಸಿ, ಹಿತ್ತಲ ಬಾಗಿಲಿನಿಂದ ಒಳಹೋದಳು. "ಈಗ ದಿನಾ ಹಿಂಗ ನೋಡ್ರಿ ಇದರ ಸೊಕ್ಕು" ಎಂದು ಬಸಕ್ಕ ಬೈದಳು.

ನಾನು ಆಕೆಯನ್ನು ಕರೆದು ಕೂರಿಸಿಕೊಂಡೆ. ದಾಟಿದರೆ ಏನೂ ಆಗುವುದಿಲ್ಲ ಎಂದೆ. ಒಪ್ಪಲಿಲ್ಲ. ಸೋತು, ನಾನೇ ನಂಬದ ಮಾತನ್ನೂ ಆಡಿದೆ: "ಹಂಗೇನರ ಆದ್ರ ತಿರುಗಿ ದಾಟಿದ್ರಾತಲ್ಲವಾ."

ಆಕೆ ನನಗೇ ತಿಳಿಹೇಳುವಂತೆ ನಿಧಾನವಾಗಿ ಹೇಳಿದಳು: "ಎಲ್ಲಾರೂ ತಿರುಗಿ ದಾಟಿದ್ರ ನಡಿತೈತ್ರಿ ಸರ. ನಾ ದಾಟಿದ್ರ ನಡಿಯೂದಿಲ್ಲ. ನನ್ನ ತಮ್ಮ ಗಿಡ್ಡ ಉಳಿತಾನ."

ಶೈಲಕ್ಕ, ತಾನು ಒಡಹುಟ್ಟಿದವನಿಗೂ ಕೇಡು ಎಂದು ಆರು ವರ್ಷದ ಮಗು ಲೆಕ್ಕ ಹಾಕಿಕೊಂಡಿದೆ. ನನ್ನ ಮಾತಿನಿಂದ ಇದು ಹೋಗುವುದಿಲ್ಲ, ನಾನೀಗ ಹೊರಗಿನವನು. ನಿನ್ನಿಂದಾದರೆ ಆಗಬೇಕು. ನೀನು ಹೆಡ್ ಮಾಸ್ತರರಿಗೆ ನಿಜ ಹೇಳುವುದು ಬೇಡ, ನನ್ನ ಕೆಲಸ ಕೇಳುವುದೂ ಬೇಡ. ಒಂದು ದಿನ ತರಗತಿಯ ಎಲ್ಲ ಮಕ್ಕಳ ಎದುರು ಜಮಖಾನೆಯ ಮೇಲೆ ನೀನೇ ಅಡ್ಡ ಮಲಗು. ಮಂಜುಳಾಳನ್ನು ಹೆಸರು ಹಿಡಿದು ಕರೆ. ಆಕೆ ನಿನ್ನನ್ನು ದಾಟಲಿ. ತಿರುಗಿ ದಾಟು ಎಂದು ಮಾತ್ರ ಹೇಳಬೇಡ. ಎದ್ದು ನಿಂತು ಪಾಠ ಮುಂದುವರಿಸು. ದಿನವೂ ಅವರ ಕಣ್ಣೆದುರು ಎಂದಿನಷ್ಟೇ ಎತ್ತರವಾಗಿ ಓಡಾಡು.

ಇಷ್ಟು ಮಾಡುವ ಧೈರ್ಯ ನಿನಗೆ ಬರಲಿ ಎಂದು ಹರಸುತ್ತೇನೆ. ವಯಸ್ಸಿನಲ್ಲಿ ಸಣ್ಣವನು ಹರಸಬಾರದಂತೆ. ಅದನ್ನೂ ನಾನು ನಂಬುವುದಿಲ್ಲ.

ನೀನು ಮಲಗುವವರೆಗೆ ನಿನಗೆ ತಮ್ಮನಲ್ಲದ,
ಸುಭಾಸ